ಮೂರು ಗೂಟ, ಒಂದು ಹಗ್ಗ: ಕಾರಿನ ಬಾಗಿದ ಮೈ ಕಂಪ್ಯೂಟರಿಗೆ ಬಂದ ಕತೆ

ಊರಿಗೆ ಯಾರಾದರೂ ಹೊಸ ಕಾರು ತಂದರೆ, ಅದರ ಬಾನೆಟ್ ಮೇಲೆ ಕಾಣುವ ಕರೆಂಟ್ ತಂತಿಯ ಬಿಂಬವನ್ನು ಒಮ್ಮೆ ನೋಡಿ. ಗೆರೆ ಎಲ್ಲೂ ಮುರಿಯದೆ ಜಾರಿಕೊಂಡು ಹೋಗುತ್ತದೆ. ಎಲ್ಲಾದರೂ ಗಕ್ಕನೆ ತಿರುಗಿದರೆ ಅಲ್ಲಿ ಪೆಟ್ಟು ಬಿದ್ದಿದೆ ಅಂತ ಗ್ಯಾರೇಜಿನ ಹುಡುಗನೂ ಹೇಳುತ್ತಾನೆ.

ಇಂಥ ಬಾಗಿದ ಮೈಯನ್ನು ಈಗ ಮೊದಲು ಕಂಪ್ಯೂಟರಿನಲ್ಲಿ ಮಾಡುತ್ತಾರೆ, ಆಮೇಲೆ ತಗಡಿನಲ್ಲಿ. ಐಟಿಐ, ಡಿಪ್ಲೊಮಾ ಓದುವ ನಮ್ಮ ಮಕ್ಕಳು ಕ್ಯಾಡ್ ಕ್ಲಾಸಿನಲ್ಲಿ 'ಸರ್ಫೇಸ್ ಮಾಡೆಲಿಂಗ್' ಅಂತ ಕಲಿಯುವುದು ಇದನ್ನೇ. ಈ ವಿದ್ಯೆಯ ಮುಖ್ಯ ಬೇರು ಇರುವುದು ಫ್ರಾನ್ಸಿನ ಎರಡು ಕಾರು ಕಂಪನಿಗಳಲ್ಲಿ: ಸಿಟ್ರೊಯೆನ್ ಮತ್ತು ರೆನೋ. ಎರಡರ ಕಾರುಗಳೂ ಇವತ್ತು ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಒಂದು ಕಂಪನಿ ಈ ವಿದ್ಯೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿತು. ಇನ್ನೊಂದು ಕಂಪನಿಯ ಇಂಜಿನಿಯರ್ ಅದನ್ನು ಬರೆದು ಹಂಚಿದರು. ಹೆಸರು ಯಾರಿಗೆ ಉಳಿಯಿತು ಅನ್ನುವುದೇ ಈ ಕತೆ.

ಅಟ್ಟದ ಮೇಲಿನ ಬಡಗಿಗಳು

ಕಂಪ್ಯೂಟರಿಗಿಂತ ಎಷ್ಟೋ ಮೊದಲೇ ಬಾಗಿದ ಮೈ ಮಾಡುತ್ತಿದ್ದವರು ಹಡಗು ಕಟ್ಟುವ ಬಡಗಿಗಳು. ಕಾಗದದ ಸಣ್ಣ ಚಿತ್ರವನ್ನು ಅವರು ದೊಡ್ಡ ಅಟ್ಟದ ನೆಲದ ಮೇಲೆ ನಿಜವಾದ ಅಳತೆಯಲ್ಲಿ ಬರೆಯುತ್ತಿದ್ದರು. ಬಾಗು ಬೇಕಾದ ಕಡೆ ಮರದ ತೆಳ್ಳನೆಯ ಪಟ್ಟಿಯನ್ನು ಬಗ್ಗಿಸಿ, ಅದು ಜಾರದಂತೆ ಸೀಸದ ತೂಕ ಇಟ್ಟು, ಪಟ್ಟಿಯ ಗುಂಟ ಗೆರೆ ಎಳೆಯುತ್ತಿದ್ದರು. ಇಂಗ್ಲಿಷಿನಲ್ಲಿ ಆ ಪಟ್ಟಿಗೆ 'ಸ್ಪ್ಲೈನ್', ಅಟ್ಟಕ್ಕೆ 'ಲಾಫ್ಟ್' ಅನ್ನುತ್ತಿದ್ದರು. ಇವತ್ತಿನ ಕ್ಯಾಡ್ ಸಾಫ್ಟ್‌ವೇರ್ ತೆರೆದರೆ ಸ್ಪ್ಲೈನ್, ಲಾಫ್ಟ್ ಎರಡೂ ಬಟನ್‌ಗಳಾಗಿ ಕೂತಿವೆ. ಬಡಗಿಗಳ ಹೆಸರು ಯಾರೂ ಬರೆದಿಡಲಿಲ್ಲ, ಅವರ ಮಾತು ಉಳಿಯಿತು.

ಕಾರಿನ ಕತೆಯೂ ಹಾಗೇ ಇತ್ತು. ಮೊದಲು ಜೇಡಿಮಣ್ಣಿನ ಮಾದರಿ. ಅದನ್ನು ನೋಡಿ ಮರದ ಅಥವಾ ಪ್ಲಾಸ್ಟರಿನ ಮೂಲ ಮಾದರಿ. ಅದರ ಮೇಲೆ ಅಳತೆ ಹಿಡಿದು ಉಕ್ಕಿನ ಅಚ್ಚು. ಆ ಅಚ್ಚಿನಲ್ಲಿ ತಗಡು ಒತ್ತುವುದು. ಒಂದೊಂದು ಹಂತದಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೊನೆಗೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಚಿತ್ರ ಸರಿಯೋ, ಮಾದರಿ ಸರಿಯೋ, ಅಚ್ಚು ಸರಿಯೋ ಅಂತ ಜಗಳ ಬಂದರೆ ತೀರ್ಪು ಕೊಡುತ್ತಿದ್ದದ್ದು ಅನುಭವಿಯ ಕಣ್ಣು.

1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆ ಅಂಕಿ ಕೊಟ್ಟರೆ ತಾನೇ ಲೋಹ ಕೊರೆಯುವ ಯಂತ್ರವನ್ನು ತೋರಿಸಿತು. ಯಂತ್ರಕ್ಕೆ ಕಣ್ಣಂದಾಜು ಗೊತ್ತಿಲ್ಲ, ಅದಕ್ಕೆ ಅಂಕಿಯೇ ಬೇಕು. ಹಾಗಾದರೆ ಕಾರಿನ ಬಾಗನ್ನು ಅಂಕಿಗೆ ಇಳಿಸುವುದು ಹೇಗೆ?

ಮೂರು ಗೂಟದ ಲೆಕ್ಕ

1958ರಲ್ಲಿ ಸಿಟ್ರೊಯೆನ್ ಕಂಪನಿ ಒಬ್ಬ ಗಣಿತದವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಹೆಸರು ಪಾಲ್ ದ ಕಾಸ್ಟೆಲ್ಜೊ. ಮರುವರ್ಷವೇ ಅವರು ಈ ಪ್ರಶ್ನೆಗೆ ಉತ್ತರ ಕಂಡುಕೊಂಡರು. ಅದನ್ನು ನೀವು ಕಣದಲ್ಲೇ ಮಾಡಿ ನೋಡಬಹುದು.

ಒಂದೇ ಸಾಲಿನಲ್ಲಿ ಬಾರದಂತೆ ಮೂರು ಗೂಟ ನೆಡಿ. ಒಂದರಿಂದ ಎರಡಕ್ಕೆ 12 ಅಡಿ, ಎರಡರಿಂದ ಮೂರಕ್ಕೆ 12 ಅಡಿ ಹಗ್ಗ ಕಟ್ಟಿ. ಎರಡೂ ಹಗ್ಗಗಳ ನಡುವೆ, ಅಂದರೆ 6 ಅಡಿಗೆ, ಗುರುತು ಹಾಕಿ. ಆ ಎರಡು ಗುರುತುಗಳ ನಡುವೆ ಇನ್ನೊಂದು ಹಗ್ಗ ಎಳೆದು, ಅದರ ಮಧ್ಯಕ್ಕೆ ಒಂದು ಕಲ್ಲು ಇಡಿ. ಈಗ ಕಾಲು ಭಾಗದ ಲೆಕ್ಕ. ಮೊದಲ ಗೂಟದಿಂದ 3 ಅಡಿಗೆ ಒಂದು ಗುರುತು, ಎರಡನೇ ಗೂಟದಿಂದ ಮುಂದಕ್ಕೆ 3 ಅಡಿಗೆ ಇನ್ನೊಂದು. ಅವುಗಳ ನಡುವೆ ಹಗ್ಗ ಎಳೆದು, ಮೊದಲ ಗುರುತಿನಿಂದ ಕಾಲು ಭಾಗಕ್ಕೆ ಮತ್ತೊಂದು ಕಲ್ಲು. ಹೀಗೇ ಮುಕ್ಕಾಲಿಗೆ, ಅರೆಕಾಲಿಗೆ ಇಡುತ್ತಾ ಹೋದರೆ ಕಲ್ಲುಗಳೆಲ್ಲ ಸೇರಿ ನುಣುಪಾದ ಬಾಗು ಮೂಡುತ್ತದೆ. ಅದು ಮೊದಲ ಗೂಟದಲ್ಲಿ ಹೊರಟು ಕೊನೆಯ ಗೂಟಕ್ಕೆ ಸೇರುತ್ತದೆ. ನಡುವಿನ ಗೂಟವನ್ನು ಮುಟ್ಟುವುದಿಲ್ಲ, ಆದರೆ ಅದರ ಕಡೆಗೆ ವಾಲುತ್ತದೆ. ಆ ಗೂಟವನ್ನು ಕಿತ್ತು ಬೇರೆ ಕಡೆ ನೆಟ್ಟರೆ ಬಾಗೂ ಬದಲಾಗುತ್ತದೆ.

ಇದು ಗೆರೆಯಾಯಿತು. ಮೈ ಬೇಕಾದರೆ ಸೀರೆ ನೇಯ್ದ ಹಾಗೆ ಹಾಸು, ಹೊಕ್ಕು ಎರಡೂ ಬೇಕು. ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ 16 ಗೂಟ. ಉದ್ದಕ್ಕೆ ಒಮ್ಮೆ ಇದೇ ಲೆಕ್ಕ, ಅಡ್ಡಕ್ಕೆ ಇನ್ನೊಮ್ಮೆ. ಒಂದು ಗೂಟಕ್ಕೆ ಉದ್ದ, ಅಗಲ, ಎತ್ತರ ಅಂತ ಮೂರು ಅಂಕಿ. ಒಟ್ಟು 48 ಅಂಕಿಯಲ್ಲಿ ಬಾನೆಟ್ಟಿನ ಒಂದು ತುಂಡು ಮುಗಿಯಿತು.

ಬೀಗ ಹಾಕಿದ ವಿದ್ಯೆ

ಸಿಟ್ರೊಯೆನ್ ಇದನ್ನು ಕಂಪನಿಯ ಗುಟ್ಟು ಅಂತ ಒಳಗೇ ಇಟ್ಟುಕೊಂಡಿತು. ದ ಕಾಸ್ಟೆಲ್ಜೊ ಬರೆದ ವರದಿಗಳು ಹೊರಗೆ ಬರಲಿಲ್ಲ.

ಅದೇ ಹೊತ್ತಿನಲ್ಲಿ ರೆನೋ ಕಂಪನಿಯಲ್ಲಿ ಪಿಯರ್ ಬೆಜಿಯೆ ಎಂಬ ಇಂಜಿನಿಯರ್ ಇದ್ದರು. 1910ರಲ್ಲಿ ಹುಟ್ಟಿದವರು, 1933ರಿಂದ ಅದೇ ಕಂಪನಿಯಲ್ಲಿ ದುಡಿದವರು. 1960ರ ದಶಕದಲ್ಲಿ ಅವರು ತಮ್ಮದೇ ದಾರಿಯಲ್ಲಿ ಹೋಗಿ ಇದೇ ಬಾಗುಗಳನ್ನು ಮುಟ್ಟಿದರು. 'ಯುನಿಸರ್ಫ್' ಎಂಬ ವ್ಯವಸ್ಥೆ ಕಟ್ಟಿದರು. ಅದರ ಬಗ್ಗೆ ಲೇಖನ ಬರೆದರು. 1972ರಲ್ಲಿ ಅವರ ಪುಸ್ತಕ ಇಂಗ್ಲಿಷಿನಲ್ಲೂ ಬಂತು. ಓದಿದವರು ಬಳಸಿದರು, ಬಳಸಿದವರು ಅವರ ಹೆಸರಿಟ್ಟು ಕರೆದರು. ಹಾಗೆ ಜಗತ್ತಿಗೆಲ್ಲ ಅದು 'ಬೆಜಿಯೆ ಕರ್ವ್' ಆಯಿತು.

1970ರ ದಶಕದಲ್ಲಿ ಜರ್ಮನಿಯ ಗಣಿತಜ್ಞ ವೋಲ್ಫ್‌ಗ್ಯಾಂಗ್ ಬೋಮ್ ಅವರ ಕೈಗೆ ಸಿಟ್ರೊಯೆನ್‌ನ ಹಳೆಯ ವರದಿಗಳು ಸಿಕ್ಕವು. ಆಗ ಹೊರಗಿನವರಿಗೆ ಗೊತ್ತಾಯಿತು, ದ ಕಾಸ್ಟೆಲ್ಜೊ ಮೊದಲೇ ಕಂಡುಕೊಂಡಿದ್ದರು ಅಂತ. ಅಷ್ಟರಲ್ಲಿ ಹೆಸರು ಊರಿಗೆಲ್ಲ ಹಬ್ಬಿಯಾಗಿತ್ತು. ಬಾಗಿಗೆ ಬೆಜಿಯೆ ಹೆಸರು ಉಳಿಯಿತು, ನೀವು ಗೂಟ ನೆಟ್ಟು ಮಾಡಿದ ಲೆಕ್ಕಕ್ಕೆ ದ ಕಾಸ್ಟೆಲ್ಜೊ ಹೆಸರು ಬಂತು.

ಕೊರತೆ, ತಿದ್ದುಪಡಿ

ಈ ವಿಧಾನಕ್ಕೂ ಕೊರತೆಗಳಿದ್ದವು. ಒಂದು ಗೂಟ ಸರಿಸಿದರೆ ಇಡೀ ಗೆರೆ ಅಲುಗುತ್ತಿತ್ತು. ಅದಕ್ಕೆ ಗೆರೆಯನ್ನು ತುಂಡುತುಂಡಾಗಿ ಹೆಣೆಯುವ 'ಬಿ-ಸ್ಪ್ಲೈನ್' ಬಂತು. ಸರಿಯಾದ ವೃತ್ತ ಬರುತ್ತಿರಲಿಲ್ಲ. ಅದಕ್ಕೆ ಒಂದೊಂದು ಗೂಟಕ್ಕೂ ಒಂದೊಂದು ತೂಕ ಕೊಟ್ಟರು. 1975ರಲ್ಲಿ ಅಮೆರಿಕದ ಕೆನ್ ವರ್‌ಸ್ಪ್ರಿಲ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇವೆರಡನ್ನೂ ಸೇರಿಸಿದರು. ಇವತ್ತು ಕ್ಯಾಡ್‌ನಲ್ಲಿ 'ನರ್ಬ್ಸ್' ಅನ್ನುವುದರ ಮೂಲ ಅಲ್ಲಿದೆ.

ಇನ್ನು ತುಂಡಿಗೆ ತುಂಡು ಜೋಡಿಸುವ ಕೆಲಸ. ಅಂಚು ಮುಟ್ಟಿದರೆ ಸಾಲದು. ಅಂಚಿನ ಗೂಟ, ಅದರ ಆಚೆಯದು, ಈಚೆಯದು ಮೂರೂ ಒಂದೇ ನೇರದಲ್ಲಿರಬೇಕು, ಇಲ್ಲದಿದ್ದರೆ ಮಡಿಕೆ ಕಾಣುತ್ತದೆ. ಬಿಂಬವೂ ಮುರಿಯಬಾರದು ಅಂದರೆ ಬಾಗಿನ ಬಿಗಿ ಎರಡೂ ಕಡೆ ಒಂದೇ ಇರಬೇಕು. ಇದನ್ನು ನೋಡಲು ಸಾಫ್ಟ್‌ವೇರ್ ಮೈಮೇಲೆ ಜೀಬ್ರಾ ಪಟ್ಟೆ ಮೂಡಿಸಿ ತೋರಿಸುತ್ತದೆ. ನೀವು ಬಾನೆಟ್ ಮೇಲೆ ತಂತಿಯ ಬಿಂಬ ನೋಡಿದ್ದೂ ಇದೇ ಪರೀಕ್ಷೆ. ಅಂಕಿ ಬಂದರೂ ಕೊನೆಯ ತೀರ್ಪು ಕಣ್ಣಿನದೇ ಆಗಿ ಉಳಿದಿದೆ.

ನಿಮ್ಮ ಅಂಗೈಯಲ್ಲೇ

ಬೆಜಿಯೆ 1999ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಈ ಕ್ಷೇತ್ರದವರು 'ಬೆಜಿಯೆ ಪ್ರಶಸ್ತಿ' ಇಟ್ಟರು. 2012ರಲ್ಲಿ ಆ ಪ್ರಶಸ್ತಿಯನ್ನು ಕೊಟ್ಟದ್ದು ಯಾರಿಗೆ ಗೊತ್ತೆ? 81ರ ವಯಸ್ಸಿನ ಪಾಲ್ ದ ಕಾಸ್ಟೆಲ್ಜೊ ಅವರಿಗೆ! ಮೊದಲು ಕಂಡವರಿಗೆ ಆಮೇಲೆ ಕಂಡವರ ಹೆಸರಿನ ಪ್ರಶಸ್ತಿ. ಹತ್ತು ವರ್ಷದ ನಂತರ, 2022ರಲ್ಲಿ, ಅವರೂ ಹೋದರು.

ಈಗ ನಿಮ್ಮ ಫೋನಿನಲ್ಲಿ ಈ 'ಠ' ಅಕ್ಷರವನ್ನು ದೊಡ್ಡದು ಮಾಡಿ ನೋಡಿ. ಎಷ್ಟು ಹಿಗ್ಗಿಸಿದರೂ ಅಂಚು ನುಣುಪಾಗಿಯೇ ಇರುತ್ತದೆ. ಫೋನು ಅಕ್ಷರವನ್ನು ಚಿತ್ರವಾಗಿ ಇಟ್ಟುಕೊಂಡಿಲ್ಲ, ಗೂಟಗಳಾಗಿ ಇಟ್ಟುಕೊಂಡಿದೆ. ಎಷ್ಟೋ ಫಾಂಟುಗಳಲ್ಲಿ ಒಂದೊಂದು ಬಾಗಿಗೂ ಮೂರೇ ಗೂಟ, ನೀವು ಕಣದಲ್ಲಿ ನೆಟ್ಟಂತೆ. ಕಾರಿಗೆಂದು ಹುಟ್ಟಿದ ಲೆಕ್ಕ ನಮ್ಮ ದುಂಡು ಕನ್ನಡಕ್ಕೂ ಒದಗಿತು. ಬೀರುವಿನಲ್ಲೇ ಉಳಿದಿದ್ದರೆ ಇಲ್ಲಿಯವರೆಗೆ ಬರುತ್ತಿತ್ತೇ?