ರಕ್ತಪರೀಕ್ಷೆಯಿಂದ ಪ್ರಾಸ್ಟೇಟ್ ಅರ್ಬುದದ ಅವಸ್ಥಾನಿರ್ಣಯ: ಒಂದು ಐತಿಹಾಸಿಕ ಪರಿಶೀಲನೆ

ಪುರುಷರ ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಗೆ ಅರ್ಬುದ, ಎಂದರೆ ಕ್ಯಾನ್ಸರ್, ತಗುಲಿದಾಗ ಅದು ಗ್ರಂಥಿಯೊಳಗೇ ನಿಂತಿದೆಯೋ, ಮೂಳೆಗಳವರೆಗೆ ಹಬ್ಬಿದೆಯೋ ಎಂಬುದು ವೈದ್ಯನಿಗೆ ಎದುರಾಗುವ ಮೊದಲ ಪ್ರಶ್ನೆ. ಒಳಗೇ ಇದ್ದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಆಸೆಯುಂಟು. ಹಬ್ಬಿದ್ದರೆ ಗ್ರಂಥಿಯನ್ನು ತೆಗೆದ ಮಾತ್ರಕ್ಕೆ ರೋಗ ನೀಗದು. ಗುಂಡ್ಲುಪೇಟೆ, ಚಾಮರಾಜನಗರಗಳಂತಹ ಊರುಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ರಕ್ತವನ್ನು ಊರಿನಲ್ಲಿಯೇ ತೆಗೆಯಬಹುದು. ಮೂಳೆಗಳ ಚಿತ್ರಣಕ್ಕಾಗಿ ಸುಮಾರು 60 ಕಿಲೋಮೀಟರು ದೂರದ ಮೈಸೂರಿಗೋ, 1973ರಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾದ ಬೆಂಗಳೂರಿಗೋ ರೋಗಿಗಳು ಹೋಗುತ್ತ ಬಂದಿದ್ದಾರೆ. 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಯಿತು, 2016ರಲ್ಲಿ ಅಲ್ಲಿಗೆ ವೈದ್ಯಕೀಯ ಕಾಲೇಜೂ ಬಂದಿತು. ಆದರೂ ರಕ್ತವೊಂದೇ ರೋಗದ ಅವಸ್ಥೆಯನ್ನು ಹೇಳಬಲ್ಲುದೇ ಎಂಬುದು ಇಲ್ಲಿ ಬರಿಯ ಶಾಸ್ತ್ರಜಿಜ್ಞಾಸೆಯಲ್ಲ.

1938ರಲ್ಲಿ ನ್ಯೂಯಾರ್ಕಿನ ಗುಟ್‌ಮನ್ ದಂಪತಿಗಳು, ಅರ್ಬುದವು ಮೂಳೆಗೆ ಹಬ್ಬಿದವರ ರಕ್ತದಲ್ಲಿ ಆಮ್ಲ ಫಾಸ್ಫಟೇಸ್ ಎಂಬ ಕಿಣ್ವವು ಅನೇಕ ವೇಳೆ ಏರಿರುವುದನ್ನು ತೋರಿಸಿಕೊಟ್ಟರು. ದಶಕಗಳ ಕಾಲ ಇದೇ ಒರೆಗಲ್ಲಾಗಿತ್ತು. ಕಿಣ್ವವು ಬಹಳವಾಗಿ ಏರಿದ್ದರೆ ರೋಗ ಹಬ್ಬಿರಬೇಕೆಂದು ಊಹಿಸಬಹುದಾಗಿತ್ತು. ಏರದಿದ್ದರೆ ಹಬ್ಬಿಲ್ಲವೆನ್ನಲು ಬರುತ್ತಿರಲಿಲ್ಲ. ಮೇಲಾಗಿ ತಂಪಿನಲ್ಲಿಡದ ಮಾದರಿಯಲ್ಲಿ ಈ ಕಿಣ್ವದ ಶಕ್ತಿ ಬೇಗನೆ ಕುಂದುತ್ತದೆ. ದೂರದ ಪ್ರಯೋಗಶಾಲೆಗೆ ಬಸ್ಸಿನಲ್ಲಿ ಹೊರಟ ರಕ್ತವು ದಾರಿಯಲ್ಲಿಯೇ ಸುಳ್ಳು ಸಾಕ್ಷಿಯಾಗಬಹುದು!

1979ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಲಾದ ಪಿ.ಎಸ್.ಎ. ಎಂಬ ಪ್ರೋಟೀನು ಆ ಕಿಣ್ವದ ಸ್ಥಾನವನ್ನು ಆಕ್ರಮಿಸಿತು. ಆದರೆ ವಯಸ್ಸಿನೊಡನೆ ಗ್ರಂಥಿ ಸಹಜವಾಗಿ ಊದಿಕೊಂಡರೂ ಇದರ ಪ್ರಮಾಣ ಏರುವುದು.

1990ರ ದಶಕದಲ್ಲಿ ಹೊಸದೊಂದು ಉತ್ಸಾಹ ಮೂಡಿತು. ಪಿ.ಎಸ್.ಎ.ಯನ್ನು ತಯಾರಿಸುವ ಆರ್.ಎನ್.ಎ. ಸಂದೇಶವು ರಕ್ತದಲ್ಲಿ ದೊರೆತರೆ, ಗ್ರಂಥಿಯ ಜೀವಕೋಶವೇ ರಕ್ತಕ್ಕಿಳಿದಿದೆಯೆಂದು ತಿಳಿಯಬಹುದಷ್ಟೆ. ಪಿ.ಸಿ.ಆರ್. ವಿಧಾನದಿಂದ ಆ ಸಂದೇಶವನ್ನು ಹಲವು ಮಡಿ ಹೆಚ್ಚಿಸಿ ಗುರುತಿಸುವ ಪ್ರಯೋಗವನ್ನು 1992ರಲ್ಲಿ ಮೊರೆನೊ ಮತ್ತು ಸಂಗಡಿಗರು ಪ್ರಕಟಿಸಿದರು. ರೋಗವು ಗ್ರಂಥಿಯಾಚೆ ಹಬ್ಬಿದ್ದ 12 ಮಂದಿಯಲ್ಲಿ 4 ಮಂದಿಯ ರಕ್ತದಲ್ಲಿ ಮಾತ್ರ ಸಂದೇಶವು ಸಿಕ್ಕಿತು. ಉಳಿದ 8 ಮಂದಿಯ ವಿಷಯದಲ್ಲಿ ಪರೀಕ್ಷೆ ಮೌನವಾಗಿತ್ತು. ನಮ್ಮ ಅಭಿಪ್ರಾಯದಲ್ಲಿ ಎಚ್ಚರಿಕೆ ಆ ಅಂಕಿಗಳಲ್ಲಿಯೇ ಇತ್ತು. ಆದರೂ 1994ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಕಾಟ್ಸ್ ಮತ್ತು ಸಂಗಡಿಗರು ಇದನ್ನು ಬೆಳೆಸಿ ‘ಆಣವಿಕ ಅವಸ್ಥಾನಿರ್ಣಯ’ವೆಂಬ ಘನವಾದ ಹೆಸರಿತ್ತರು. ಅನಂತರ ಬೇರೆ ಬೇರೆ ಪ್ರಯೋಗಶಾಲೆಗಳ ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ರಕ್ತದಲ್ಲಿ ಅಲೆಯುವ ಕೋಶವೆಲ್ಲವೂ ಮೂಳೆಯಲ್ಲಿ ಬೇರೂರುವುದಿಲ್ಲ, ಅತಿಸೂಕ್ಷ್ಮ ಪರೀಕ್ಷೆಗೆ ಗ್ರಂಥಿಯದಲ್ಲದ ಕೋಶಗಳ ಕ್ಷೀಣ ಸಂದೇಶವೂ ಕೇಳಿಸುವುದು, ಆರ್.ಎನ್.ಎ.ಯಂತೂ ಆ ಹಳೆಯ ಕಿಣ್ವದಷ್ಟೇ ಅಳ್ಳಕ. ಅವಸ್ಥಾನಿರ್ಣಯದ ರೂಢಿಯಲ್ಲಿ ಈ ಪರೀಕ್ಷೆಗೆ ಸ್ಥಾನ ದೊರೆಯಲಿಲ್ಲ.

ಇದಕ್ಕೆ ಮುಂಚೆ, 1991ರಲ್ಲಿ, ಅಮೆರಿಕದ ಮೇಯೊ ಚಿಕಿತ್ಸಾಲಯದಿಂದ ಬಂದ ವರದಿಯೊಂದು ಸಾಧಾರಣವಾಗಿ ಕಂಡರೂ ನಮಗೆ ಹೆಚ್ಚು ಬೆಲೆಯುಳ್ಳದ್ದು. ಹೊಸದಾಗಿ ರೋಗ ಪತ್ತೆಯಾದವರಲ್ಲಿ ಪಿ.ಎಸ್.ಎ. ಪ್ರಮಾಣವು ಮಿಲಿಲೀಟರಿಗೆ 20 ನ್ಯಾನೊಗ್ರಾಂ ಮೀರದ 306 ಮಂದಿಯ ಪೈಕಿ ಮೂಳೆಯ ಚಿತ್ರಣದಲ್ಲಿ ರೋಗ ಕಂಡದ್ದು ಒಬ್ಬನಿಗೆ ಮಾತ್ರ. ರೋಗ ಎಲ್ಲಿದೆಯೆಂಬುದನ್ನು ರಕ್ತವು ಹೇಳಲಿಲ್ಲ. ಯಾರು ಚಿತ್ರಣಕ್ಕೆ ಹೋಗಬೇಕಾಗಿಲ್ಲ ಎಂಬುದನ್ನು ಹೇಳಿತು. 1993ರ ಪಾರ್ಟಿನ್ ಕೋಷ್ಟಕಗಳು ಇದೇ ಸಂಖ್ಯೆಯನ್ನು ಬೆರಳಿನ ಪರೀಕ್ಷೆ ಹಾಗೂ ಅಂಗಾಂಶ ಪರೀಕ್ಷೆಗಳೊಡನೆ ಜೋಡಿಸಿ ಓದುವುದನ್ನು ಕಲಿಸಿದವು.

ಆದರೆ ಈ ಅಳತೆಯನ್ನು ಗುಂಡ್ಲುಪೇಟೆಗೆ ಹಾಗೆಯೇ ತರಲಾಗದು. ನಮ್ಮ ದೇಶದಲ್ಲಿ ಅನೇಕರು ರೋಗ ಬಲಿತ ಮೇಲೆಯೇ ವೈದ್ಯನನ್ನು ಕಾಣುತ್ತಾರೆ. ಬೆನ್ನಿನ ಮೂಳೆ ನೋಯುತ್ತಿರುವವನಿಗೆ, ಅಥವಾ ಅಂಗಾಂಶ ಪರೀಕ್ಷೆಯಲ್ಲಿ ಉಗ್ರಜಾತಿಯ ಅರ್ಬುದ ಕಂಡವನಿಗೆ, ಪಿ.ಎಸ್.ಎ. ಎಷ್ಟೇ ಕಡಿಮೆಯಿದ್ದರೂ ಮೈಸೂರಿನ ಪಯಣ ತಪ್ಪದು.