ಕಸದ ದಿಬ್ಬದ ಮೇಲೊಂದು ಮುಂದಾಲೋಚನೆ



ಮಕ್ಕಳೊಡನೆ ಗಾಳಿಪಟ ಹಾರಿಸಲು ನಾವು ಹೋಗುವ ಶೋರ್‌ಲೈನ್ ಉದ್ಯಾನದ ಹಸಿರು ದಿಬ್ಬಗಳು ಪ್ರಕೃತಿನಿರ್ಮಿತವಲ್ಲ. ಅವುಗಳ ಒಡಲಲ್ಲಿರುವುದು ಬಹುಮಟ್ಟಿಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಸ.

ಮೌಂಟನ್ ವ್ಯೂ ಪುರಸಭೆಯಾದದ್ದು 1902ರಲ್ಲಿ. (ಮರುವರ್ಷವೇ ನಮ್ಮ ಮೈಸೂರಿನಲ್ಲಿ ಸಿ.ಐ.ಟಿ.ಬಿ. ಹುಟ್ಟಿತು.) 1960ರ ದಶಕದಲ್ಲಿ ಕೊಲ್ಲಿಯಂಚಿನ ತಗ್ಗುಭೂಮಿ ನಗರಸಭೆಗೆ ಚಿಂತೆಯಾಯಿತು. ಪ್ರವಾಹಕ್ಕೆ ತುತ್ತಾಗುವ ಆ ನೆಲವನ್ನು ಮಣ್ಣು ತರಿಸಿ ಎತ್ತರಿಸುವುದು ದುಬಾರಿ. ಅತ್ತ ಮಹಾನಗರಕ್ಕೆ ಕಸ ಸುರಿಯಲು ಜಾಗ ಬೇಕಿತ್ತು. ಆ ಕಸವೇ ನೆಲವನ್ನೆತ್ತರಿಸಿತು, ಅದರ ಶುಲ್ಕವೇ ಉದ್ಯಾನಕ್ಕೆ ಬಂಡವಾಳವಾಯಿತು. ಇದಕ್ಕಿಂತಲೂ ಚತುರವಾದುದು 1969ರ ರಾಜ್ಯ ಶಾಸನ. ತದನ್ವಯ ರಚಿತವಾದ ವಿಶೇಷ ವಲಯದಲ್ಲಿ ಆಸ್ತಿತೆರಿಗೆಯ ಹೆಚ್ಚಳವು ಆ ವಲಯಕ್ಕೇ ಮೀಸಲು. ನಗರಸಭಾ ಸದಸ್ಯರೇ ಅದರ ಆಡಳಿತ ಮಂಡಳಿ. ಶಾಲೆಗಳ ಪಾಲಿಗಾಗಿ ಮುಂದೆ ಪ್ರತ್ಯೇಕ ಒಪ್ಪಂದಗಳೇ ಬೇಕಾದವು, ಆ ಮಾತು ಬೇರೆ. 1983ರಲ್ಲಿ ಉದ್ಯಾನ ತೆರೆಯಿತು, 1986ರಲ್ಲಿ ಬಯಲು ರಂಗಮಂದಿರ. ಕೊಳೆತ ಕಸದ ಮೀಥೇನ್ ಅನಿಲ ಹುಲ್ಲುಹಾಸಿನ ಮೇಲೆ ಹೊತ್ತಿಕೊಂಡು ಪ್ರೇಕ್ಷಕರನ್ನು ಬೆಚ್ಚಿಬೀಳಿಸಿದ್ದೂ ಆಗಲೇ!

ಆದರೆ ಮನೆಗಳ ಮಾತೇನು? ಕಚೇರಿಗಳು ಬೆಳೆದವು, ಗೂಗಲ್ ನೆಲೆಸಿತು. ಹೊಸ ಮನೆಗಳಿಗೆ ಎಡೆ ದೊರೆಯಲಿಲ್ಲ. ಮುಂದಾಲೋಚನೆಯ ಕೊರತೆ ಇಲ್ಲಿಯೇ ಎಂದು ನನ್ನ ಅಭಿಪ್ರಾಯ. 2014ರ ನಾರ್ತ್ ಬೇಶೋರ್ ಯೋಜನೆಯೂ ಅವನ್ನು ಹೊರಗಿಟ್ಟಿತು. ಅದೇ ವರ್ಷದ ಚುನಾವಣೆಯಲ್ಲಿ ವಸತಿಯ ಪರವಾಗಿದ್ದವರು ಗೆದ್ದುಬಂದರು; 2017ರಲ್ಲಿ 9,850 ಮನೆಗಳವರೆಗೆ ಯೋಜನೆಯಲ್ಲಿ ಅವಕಾಶವಾಯಿತು. ಬಾಡಿಗೆಗೆ ಅಂಜಿ ಟ್ರೇಸಿ, ಮೌಂಟನ್ ಹೌಸ್‌ಗಳತ್ತ ಸರಿದವರಿಗೆ ಈ ವಿಳಂಬದ ಬೆಲೆ ಗೊತ್ತು. ಇತ್ತ ಕೊಲ್ಲಿಯ ನೀರು ಏರುತ್ತಿದೆ. ಅದನ್ನು ತಡೆಯುವ ಒಡ್ಡುಗಳಿಗೆ ನಗರಸಭೆ ನೆಚ್ಚಿರುವುದು ಆ 1969ರ ವಲಯದ ತೆರಿಗೆಯನ್ನೇ.