ಒಂದು ಮರ, ಒಂದು ಕಂಪು: ಫೆಂಗ್‌ಹುವಾಂಗ್ ಬೆಟ್ಟದ ಊಲಾಂಗ್ ಚಹಾ

ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಪೂರ್ವಭಾಗದಲ್ಲಿ, ಚಾವೋಜೌ ನಗರದ ಉತ್ತರಕ್ಕಿರುವ ಫೆಂಗ್‌ಹುವಾಂಗ್ ಬೆಟ್ಟಸಾಲಿನಲ್ಲಿ ತಯಾರಾಗುವ ದಾನ್‌ತ್ಸೊಂಗ್ ಎಂಬ ಊಲಾಂಗ್ ಚಹಾ ಹೂವಿನ ಕಂಪಿಗೆ ಹೆಸರಾದದ್ದು. ಮಲ್ಲಿಗೆ ಚಹಾದಲ್ಲಿ ಎಲೆಯ ನಡುವೆ ಹೂವನ್ನು ಹರಡಿ ಪರಿಮಳ ಹಿಡಿಸುತ್ತಾರೆ. ದಾನ್‌ತ್ಸೊಂಗ್‌ನಲ್ಲಿ ಹೂವಿನ ಸೋಂಕೇ ಇಲ್ಲ. ಅದರ ಕಂಪಿಗೆ ಎಲೆಯ ತಳಿ, ಬೆಟ್ಟದ ಎತ್ತರ ಮತ್ತು ರಾತ್ರಿಯಿಡೀ ನಡೆಯುವ ಕೈಕೆಲಸ ಕಾರಣಗಳಾಗಿದ್ದರೂ, ಅದು ನೂರಾರು ಬಗೆಯಾಗಿ ಕವಲೊಡೆದು ಉಳಿದುಬಂದದ್ದು ಮಾತ್ರ ಒಂದು ಮರದ ಎಲೆಯನ್ನು ಮತ್ತೊಂದು ಮರದ ಎಲೆಯೊಡನೆ ಬೆರೆಸಬಾರದೆಂಬ ಅಲ್ಲಿನ ಬೆಳೆಗಾರರ ಕಟ್ಟುಪಾಡಿನಿಂದ. ದಾನ್‌ತ್ಸೊಂಗ್ ಎಂದರೆ ‘ಒಂಟಿ ಗಿಡ’ ಎಂದೇ ಅರ್ಥ.

ಈ ಬೆಟ್ಟದ ವುದೊಂಗ್ ಶಿಖರ ಸುಮಾರು 1,390 ಮೀಟರ್ ಎತ್ತರದ್ದು. ಅದರ ಇಳಿಜಾರಿನ ಹಳ್ಳಿಗಳಲ್ಲಿ ಚಹಾ ಕತ್ತರಿಸಿದ ಪೊದೆಯಾಗಿರದೆ ಆಳೆತ್ತರವನ್ನೂ ಮೀರಿದ ಮರವಾಗಿ ಬೆಳೆಯುತ್ತದೆ. ಎಲೆ ಕೊಯ್ಯುವವರು ಏಣಿ ಹಾಕಿಕೊಂಡು ಮೇಲೇರುತ್ತಾರೆ. ಅತ್ಯಂತ ಹಳೆಯ ಮರಗಳನ್ನು ‘ಸಾಂಗ್ ತಳಿ’ ಎಂದು ಕರೆಯುವುದಕ್ಕೆ ಹಿನ್ನೆಲೆಯಾಗಿ ಒಂದು ಐತಿಹ್ಯವಿದೆ. ದಕ್ಷಿಣ ಸಾಂಗ್ ವಂಶದ ಕೊನೆಯ ಬಾಲ ಚಕ್ರವರ್ತಿ ಜಾವೊ ಬಿಂಗ್ ಮಂಗೋಲರ ಸೇನೆಯಿಂದ ತಪ್ಪಿಸಿಕೊಂಡು ಈ ಬೆಟ್ಟವನ್ನು ಹಾಯ್ದಾಗ ಬಾಯಾರಿ ಬಳಲಿದನೆಂದೂ, ಇಲ್ಲಿನ ಚಹಾದೆಲೆಯೇ ಅವನ ದಾಹವನ್ನು ತಣಿಸಿತೆಂದೂ ಊರವರು ಹೇಳುತ್ತಾರೆ. 1279ರಲ್ಲಿ ಯಾಶಾನ್ ಕಡಲಕದನದಲ್ಲಿ ಆ ವಂಶ ಅಳಿದದ್ದು ಇತಿಹಾಸ. ಚಹಾದ ಪ್ರಸಂಗ ಜನರ ನಂಬಿಕೆ. ಆದರೆ ಇದೇ ಬೆಟ್ಟವನ್ನು ತಮ್ಮ ಮೂಲನೆಲೆಯೆಂದು ಭಾವಿಸುವ ಷೆ ಬುಡಕಟ್ಟಿನವರು ಅರಸೊತ್ತಿಗೆಯ ಆಸರೆಯಿಲ್ಲದೆಯೇ ಇಲ್ಲಿ ಚಹಾ ಬೆಳೆಯುತ್ತಾ ಬಂದವರಾದ್ದರಿಂದ, ಚಕ್ರವರ್ತಿಯ ಕಥೆಗಿಂತ ಹೆಚ್ಚಿನ ಗಮನ ಅವರ ದುಡಿಮೆಗೆ ಸಲ್ಲಬೇಕು. ಚಿಂಗ್ ಆಳ್ವಿಕೆಯ ಆರಂಭಕಾಲದ ರಾವೊಪಿಂಗ್ ಕೌಂಟಿಯ ಸ್ಥಳಚರಿತ್ರೆಯಲ್ಲಿ ಫೆಂಗ್‌ಹುವಾಂಗ್ ಚಹಾದ ಉಲ್ಲೇಖವಿದ್ದರೂ ಅಲ್ಲಿ ದೊರೆತ ಹೊಗಳಿಕೆ ಮಿತವಾದದ್ದು.

ಊಲಾಂಗ್ ತಯಾರಿಕೆಯ ವಿಧಾನವನ್ನು ವಿವರಿಸುವ ಹಳೆಯ ಬರಹಗಳು ನೆರೆಯ ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಗಳಿಗೆ ಸೇರಿದವು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಅಚ್ಚೊತ್ತಿದ ಚಹಾ ಬಿಲ್ಲೆಗಳನ್ನು ಕಪ್ಪವಾಗಿ ಸಲ್ಲಿಸುವ ಪದ್ಧತಿಯನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಒಪ್ಪಿಸುವಂತೆ ಆಜ್ಞಾಪಿಸಿದ ಮೇಲೆ, ಬಿಡಿ ಎಲೆಯನ್ನು ಹದಗೊಳಿಸುವ ಹೊಸ ಬಗೆಗಳಿಗೆ ದಾರಿ ತೆರೆಯಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ವುಯಿಯಲ್ಲಿ ನೆಲೆಸಿದ್ದ ವಾಂಗ್ ಫೂಲಿ, ಕೊಯ್ದ ಎಲೆಯನ್ನು ಬಿದಿರ ಮೊರಗಳಲ್ಲಿ ಹರಡಿ ಗಾಳಿಬಿಸಿಲಿಗೆ ಒಡ್ಡುವುದನ್ನೂ, ಬಳಿಕ ಹುರಿದು ಕೆಂಡದ ಮೇಲೆ ಒಣಗಿಸುವುದನ್ನೂ, ಸಿದ್ಧವಾದ ಎಲೆಯ ಒಂದು ಪಾಲು ಹಸಿರಾಗಿಯೂ ಇನ್ನೊಂದು ಪಾಲು ಕೆಂಪಾಗಿಯೂ ಇರುವುದನ್ನೂ ದಾಖಲಿಸಿದನು. ಈ ಭಾಗವನ್ನು 1734ರ ತನ್ನ ಗ್ರಂಥದಲ್ಲಿ ಸೇರಿಸಿಕೊಂಡ ಲು ಟಿಂಗ್‌ತ್ಸಾನ್ ಆ ಸೀಮೆಯಲ್ಲಿಯೇ ಅಧಿಕಾರಿಯಾಗಿದ್ದವನು. ಕೊಯ್ದ ಕೂಡಲೇ ಬಿಸಿ ತಗುಲಿಸಿ ಹಸಿರನ್ನು ಉಳಿಸಿಕೊಂಡದ್ದು ಹಸಿರು ಚಹಾ. ಜಜ್ಜಿದ ಎಲೆ ಗಾಳಿಯ ಆಮ್ಲಜನಕದೊಡನೆ ಪೂರ್ತಿಯಾಗಿ ಬೆರೆತು ಕಪ್ಪಾಗುವಂತೆ ಬಿಟ್ಟದ್ದು ಕಪ್ಪು ಚಹಾ. ಇವೆರಡರ ನಡುವೆ ಆ ಕ್ರಿಯೆಯನ್ನು ಬೇಕಾದ ಹಂತದಲ್ಲಿ ತಡೆದು ನಿಲ್ಲಿಸಿದ್ದು ಊಲಾಂಗ್.

ಅದೇ ಶತಮಾನದಲ್ಲಿ ಕುಡಿಯುವ ರೀತಿಯೂ ಬದಲಾಯಿತು. 1786ರಲ್ಲಿ ವುಯಿ ಬೆಟ್ಟಕ್ಕೆ ಹೋದ ಕವಿ ಯುವಾನ್ ಮೇಯ್, ಅಲ್ಲಿಯವರೆಗೆ ಆ ಚಹಾವನ್ನು ಔಷಧಿಯಂತೆ ಕಹಿಯೆಂದು ದೂರವಿಟ್ಟಿದ್ದವನು, ಮಠದವರು ಅಕ್ರೋಟು ಗಾತ್ರದ ಬಟ್ಟಲಲ್ಲಿ ಕೊಟ್ಟದ್ದನ್ನು ಮೊದಲು ಮೂಸಿ, ಆಮೇಲೆ ನಿಧಾನವಾಗಿ ಸವಿದು, ತನ್ನ ಅಭಿಪ್ರಾಯವನ್ನು ತಿದ್ದಿಕೊಂಡನು. ಆ ಶತಮಾನದ ಕೊನೆಯಲ್ಲಿ ಚಾವೋಜೌ ಪ್ರದೇಶದಲ್ಲಿ ಅಧಿಕಾರಿಯಾಗಿದ್ದ ಯು ಜಿಯಾವೊ, ಅಲ್ಲಿನ ನದಿಯ ವಿಲಾಸದೋಣಿಗಳಲ್ಲಿ ನಡೆಯುತ್ತಿದ್ದ ಗೊಂಗ್‌ಫು ಚಹಾವನ್ನು, ಎಂದರೆ ಪುಟ್ಟ ಒಲೆ, ಪುಟ್ಟ ಯಿಶಿಂಗ್ ಮಣ್ಣಿನ ಹೂಜಿ ಮತ್ತು ತೆಳು ಬಟ್ಟಲುಗಳೊಡನೆ ಶ್ರದ್ಧೆಯಿಂದ ಚಹಾ ಸಿದ್ಧಪಡಿಸುವ ಕ್ರಮವನ್ನು, ವಿವರವಾಗಿ ಬಣ್ಣಿಸಿದ್ದಾನೆ. ಆದರೆ ಆ ದೋಣಿಗಳಲ್ಲಿ ಮೆಚ್ಚುಗೆ ಪಡೆದಿದ್ದ ಎಲೆ ವುಯಿಯದು. ಹತ್ತಿರದಲ್ಲಿಯೇ ಇದ್ದ ಬೆಟ್ಟದ ಚಹಾಕ್ಕೆ ಚಾವೋಜೌದ ರಸಿಕರ ಮನ್ನಣೆ ಸಿಗಲು ಮತ್ತಷ್ಟು ಕಾಲ ಬೇಕಾಯಿತೆಂಬುದನ್ನು ಇಂದಿನ ಪ್ರಚಾರದ ಬರಹಗಳು ಮರೆಸುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಮನ್ನಣೆ ದೊರೆತ ಬಗೆಯನ್ನು ತಿಳಿಯಲು ಚಹಾ ಗಿಡದ ಸ್ವಭಾವವನ್ನು ಗಮನಿಸಬೇಕು. ಚಹಾ ತನ್ನದೇ ಪರಾಗದಿಂದ ಸುಲಭವಾಗಿ ಬೀಜ ಕಟ್ಟುವುದಿಲ್ಲವಾದ್ದರಿಂದ, ಓಟೆಯಿಂದ ಹುಟ್ಟಿದ ಮಾವು ತಾಯಿಮರದ ಹಣ್ಣನ್ನೇ ಕೊಡದಂತೆ, ಬೀಜದಿಂದೆದ್ದ ಒಂದೊಂದು ಚಹಾ ಸಸಿಯೂ ತನ್ನದೇ ಗುಣ ತಾಳುತ್ತದೆ. ಫೆಂಗ್‌ಹುವಾಂಗ್ ಶುಯ್‌ಶಿಯನ್ ಎಂಬ ಸ್ಥಳೀಯ ತಳಿ ಹೀಗೆ ಬೀಜದಿಂದ ಹಬ್ಬಿದ ಮಿಶ್ರ ಸಂತತಿ. ಎಲ್ಲ ಎಲೆಯನ್ನೂ ಒಟ್ಟಿಗೆ ಸುರಿದರೆ ಭೇದಗಳೆಲ್ಲ ಒಂದರಲ್ಲೊಂದು ಕರಗಿಹೋಗುತ್ತವೆ. ಚಿಂಗ್ ಕಾಲದಲ್ಲಿ ಬೆಳೆಗಾರರು ಉತ್ತಮ ಮರಗಳನ್ನು ಗುರುತಿಸಿ, ಅವುಗಳ ಎಲೆಯನ್ನು ಬೇರೆಯಾಗಿ ಕೊಯ್ದು, ಬೇರೆಯಾಗಿಯೇ ಹದಮಾಡಿ, ಬೇರೆಯಾಗಿಯೇ ಮಾರತೊಡಗಿದರು. ಒಂದು ಮರದಿಂದ ವರ್ಷಕ್ಕೆ ದೊರೆಯುವುದು ಕೆಲವೇ ಕಿಲೋ ಒಣ ಎಲೆಯಾದ್ದರಿಂದ ಇದು ಲಾಭ ನಷ್ಟದ ಸಾಮಾನ್ಯ ಲೆಕ್ಕಕ್ಕೆ ಒಗ್ಗುವ ಕೆಲಸವಲ್ಲ. ಸೂಕ್ಷ್ಮ ವ್ಯತ್ಯಾಸಕ್ಕೆ ಬೆಲೆ ಕೊಡುವ ಕುಡಿಯುವವರು ಬೆಟ್ಟದ ಬುಡದಲ್ಲಿಯೇ ಇದ್ದುದರಿಂದ ಅದು ನಿಂತಿತು. ಗೊಂಗ್‌ಫು ಕ್ರಮದಲ್ಲಿ ಹೂಜಿಯ ತುಂಬ ಎಲೆ ತುಂಬಿ, ಕುದಿನೀರೆರೆದು, ಕೆಲವೇ ಕ್ಷಣಗಳಲ್ಲಿ ಬಸಿದು, ಅದೇ ಎಲೆಯಿಂದ ಹತ್ತಾರು ಸಲ ರಸ ತೆಗೆಯುವಾಗ ಒಂದು ಮರಕ್ಕೂ ಇನ್ನೊಂದಕ್ಕೂ ಇರುವ ಅಂತರ ನಾಲಿಗೆಗೆ ಸ್ಪಷ್ಟವಾಗುತ್ತದೆ. ಪುಟ್ಟ ಬಟ್ಟಲಿನ ಪದ್ಧತಿಯೂ ಒಂಟಿ ಮರದ ಪದ್ಧತಿಯೂ ಒಂದನ್ನೊಂದು ಬೆಳೆಸಿದವೆಂದು ಹೇಳಲು ಇದು ಸಾಕು.

ಕಂಪು ಹುಟ್ಟುವುದು ರಾತ್ರಿಯ ಕೆಲಸದಲ್ಲಿ. ಮಳೆಯಿಲ್ಲದ ದಿನ, ಇಬ್ಬನಿ ಪೂರ್ತಿ ಆರಿದ ಮಧ್ಯಾಹ್ನದ ಹೊತ್ತಿನಲ್ಲಿ ಕೊಯ್ದ ಎಲೆಯನ್ನು ಇಳಿಬಿಸಿಲಿನಲ್ಲಿ ಸ್ವಲ್ಪ ಹೊತ್ತು ಬಾಡಿಸಿ, ನೆರಳಿನಲ್ಲಿ ತಣಿಸಿ, ಕತ್ತಲಾದ ಮೇಲೆ ಬಿದಿರ ಮೊರದಲ್ಲಿ ಎರಡೂ ಕೈಗಳಿಂದ ಎತ್ತೆತ್ತಿ ಅಲುಗಿಸುತ್ತಾರೆ. ಸುಮಾರು ಎರಡು ಗಂಟೆಗೊಮ್ಮೆ ಐದಾರು ಸಲ ಹೀಗೆ ಮಾಡುವಷ್ಟರಲ್ಲಿ ಬೆಳಗಾಗುತ್ತದೆ. ಎಲೆಗೆಲೆ ತಾಗಿ ಅಂಚಿನ ಜೀವಕೋಶಗಳು ಒಡೆದು ಕೆಂಪಾಗುತ್ತವೆ, ನಡುಭಾಗ ಹಸಿರಾಗಿಯೇ ಉಳಿಯುತ್ತದೆ. ಎಲೆ ಮರದಿಂದ ಬೇರ್ಪಟ್ಟಿದ್ದರೂ ಆ ರಾತ್ರಿಯಿಡೀ ಜೀವಂತವಾಗಿರುತ್ತದೆ. ಪೆಟ್ಟಿಗೂ ನೀರಿನ ಕೊರತೆಗೂ ಪ್ರತಿಕ್ರಿಯೆಯಾಗಿ ಅದು ಇಂಡೋಲ್, ನೆರೋಲಿಡಾಲ್, ಜಾಸ್ಮಿನ್ ಲ್ಯಾಕ್ಟೋನ್ ಮೊದಲಾದ ಆವಿಶೀಲ ಸಂಯುಕ್ತಗಳನ್ನು ಹೆಚ್ಚಿಸಿಕೊಳ್ಳುತ್ತದೆಂದು ಇತ್ತೀಚಿನ ರಸಾಯನಶಾಸ್ತ್ರ ತೋರಿಸಿದೆ. ಇಂಡೋಲ್ ಮತ್ತು ಜಾಸ್ಮಿನ್ ಲ್ಯಾಕ್ಟೋನ್ ಮಲ್ಲಿಗೆ ಹೂವಿನಲ್ಲಿಯೂ ಇರುವ ಪದಾರ್ಥಗಳೇ ಆದ್ದರಿಂದ ಚಹಾದಲ್ಲಿ ಹೂವನ್ನು ಕಂಡವರ ಮೂಗು ತಪ್ಪಿರಲಿಲ್ಲ. ಹಸಿ ವಾಸನೆ ಹೋಗಿ ಹೂವಿನ ವಾಸನೆ ಏಳುವ ಗಳಿಗೆಯನ್ನು ಮೂಗಿನಿಂದಲೇ ಗುರುತಿಸಿ, ಆಗ ಎಲೆಯನ್ನು ಕಾದ ಬಾಣಲೆಗೆ ಹಾಕಿ ಕ್ರಿಯೆಯನ್ನು ನಿಲ್ಲಿಸಿ, ಹೊಸೆದು, ಇದ್ದಲಿನ ಕಾವಿನಲ್ಲಿ ಒಣಗಿಸುತ್ತಾರೆ. ಗಳಿಗೆ ತಪ್ಪಿದರೆ ಆ ಮರದ ಆ ವರ್ಷದ ಬೆಳೆಯೇ ಕೆಟ್ಟಂತೆ.

ಹೀಗೆ ಸಿದ್ಧವಾದ ಚಹಾಗಳಿಗೆ ಅವುಗಳ ಕಂಪೇ ಹೆಸರು: ಜೇನು ಮತ್ತು ಆರ್ಕಿಡ್, ಗಾರ್ಡೇನಿಯ, ಮಲ್ಲಿಗೆ, ಸುರುಳಿ ಸುಗಂಧಿ, ಬಾದಾಮಿ, ದಾಲ್ಚಿನ್ನಿ. ರಸ ಹೊಂಬಣ್ಣದ್ದು. ಮೊದಲ ಗುಟುಕಿನಲ್ಲಿ ತುಸು ಕಹಿಯೂ ಒಗರೂ ಇದ್ದು, ನುಂಗಿದ ಬಳಿಕ ಗಂಟಲಿನಿಂದ ಸಿಹಿ ಮರಳಿ ಏಳುತ್ತದೆ. ಎತ್ತರದ ಹಳೆಯ ಮರಗಳಲ್ಲಿ ಇದರೊಡನೆ ಪಾಚಿ ಕಲ್ಲುಗಳನ್ನು ನೆನಪಿಸುವ ಒಂದು ಗುಣ ಸೇರುತ್ತದೆ, ಅದನ್ನು ಅಲ್ಲಿನವರು ‘ಬೆಟ್ಟದ ಲಯ’ ಎನ್ನುತ್ತಾರೆ. ಕಂಪಿದ್ದೂ ಈ ಒಗರಿನ ಬಲವಿಲ್ಲದ ದಾನ್‌ತ್ಸೊಂಗ್ ಬೇಗನೆ ಸಪ್ಪೆಯಾಗುತ್ತದೆ.

1860ರಲ್ಲಿ ಶಾಂಟೌ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದ ಮೇಲೆ ಚಾವೋಜೌ ಸೀಮೆಯ ಜನ ಸಯಾಮ್, ಮಲಯ, ಸಿಂಗಪುರಗಳಿಗೆ ದೊಡ್ಡ ಸಂಖ್ಯೆಯಲ್ಲಿ ವಲಸೆ ಹೋದರು. ಅವರು ಕುಡಿಯುವ ಕ್ರಮವನ್ನು ಬಿಡದಿದ್ದುದರಿಂದ ಅವರ ಹಿಂದೆಯೇ ಬೆಟ್ಟದ ಎಲೆಯೂ ಸಾಗಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಸಿಯ ವಿಧಾನ ಈ ಕಸುಬಿನ ಅಡಿಪಾಯವನ್ನೇ ಬದಲಿಸಿತು. ಹೆಸರಾಂತ ಮರದ ಕಡ್ಡಿಯನ್ನು ಬೇರೆ ಗಿಡದ ಬುಡಕ್ಕೆ ಕಟ್ಟಿದರೆ ಅದೇ ಗುಣದ ಸಾವಿರ ಗಿಡಗಳಾಗುತ್ತವೆ. ಇಂದು ಮಾರುಕಟ್ಟೆಯ ದಾನ್‌ತ್ಸೊಂಗ್ ಬಹುಪಾಲು ಒಂದೇ ಮರದ ಎಲೆಯಾಗಿರದೆ ಒಂದೇ ಮರದ ಸಂತತಿಯ ಎಲೆಯಾಗಿದೆ. ‘ಬಾತುಕೋಳಿ ಹಿಕ್ಕೆಯ ಕಂಪು’ ಎಂಬ ಹೆಸರಿನ ತಳಿ ಹೀಗೆಯೇ ಹಬ್ಬಿತು. ಒಳ್ಳೆಯ ಗಿಡವನ್ನು ಇತರರ ಕಣ್ಣಿಂದ ಮರೆಮಾಡಲು ಒಡೆಯನೇ ಆ ಹೆಸರಿಟ್ಟನೆಂದು ಪ್ರತೀತಿ. 2014ರಲ್ಲಿ ಅದಕ್ಕೆ ‘ಬೆಳ್ಳಿಹೂವಿನ ಕಂಪು’ ಎಂಬ ಹೊಸ ಹೆಸರು ಕೊಟ್ಟರೂ ಜನ ಹಳೆಯದನ್ನೇ ಉಳಿಸಿಕೊಂಡರು. ಕಸಿಯಿಂದ ಬೆಳೆಗಾರನ ಆದಾಯ ಹೆಚ್ಚಿದ್ದು ನಿಜ, ಸಾಮಾನ್ಯ ಕುಡಿಯುವವನಿಗೂ ಒಳ್ಳೆಯ ಎಲೆ ಎಟುಕುವಂತಾದದ್ದೂ ನಿಜ. ಆದರೆ ಬೇಡಿಕೆಯ ಕೆಲವೇ ತಳಿಗಳನ್ನು ಕಸಿ ಕಟ್ಟಲೆಂದು ಬೀಜದಿಂದ ಬೆಳೆದ ಹಳೆಯ ಶುಯ್‌ಶಿಯನ್ ಗಿಡಗಳ ತಲೆ ಕಡಿಯುತ್ತಾ ಹೋದಂತೆ, ಇಷ್ಟು ಕಂಪುಗಳಿಗೆ ಜನ್ಮ ಕೊಟ್ಟ ಆ ಮಿಶ್ರ ಸಂತತಿ ಕುಗ್ಗುತ್ತದೆ. 2022ರಲ್ಲಿ ಯುನೆಸ್ಕೊ ಚೀನಾದ ಚಹಾ ತಯಾರಿಕೆಯ ಸಾಂಪ್ರದಾಯಿಕ ಕೌಶಲ್ಯಗಳನ್ನೂ ಅವಕ್ಕೆ ಸೇರಿದ ಆಚರಣೆಗಳನ್ನೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮನ್ನಣೆ ಸಂದದ್ದು ಕೈಗೆ ಮತ್ತು ಪದ್ಧತಿಗೆ. ಹೆಸರಿಲ್ಲದ ಬೀಜದ ಗಿಡಗಳನ್ನು ಕಾಯುವ ಹೊಣೆ ಇನ್ನೂ ವುದೊಂಗ್‌ನ ಬೆಳೆಗಾರರ ಮೇಲೆಯೇ ಇದೆ.